ಕೈರೇಸು

ಅಂದು ಬೆಳಿಗ್ಗೆ ಹಾಲಿನವನು ಮೊದಲಿನಂತೆ ಒಂದೇ ಲೀಟರ್ ಹಾಕಿ ಹೋಗಿದ್ದ. ಹಿಂದಿನ ಸಂಜೆ ಕೊನೆಯ ನೆಂಟರು ಸೊಲ್ಲಾಪುರದ ಬಸ್ಸು ಹತ್ತಿದ್ದರು. ಬಾಡಿಗೆ ಕುರ್ಚಿಗಳೂ ಹೋಗಿದ್ದವು. ಎರಡು ಲೋಟ ಚಹಾ ಮಾಡಿದೆ, ಒಂದು ಅತ್ತೆಗೆ, ಒಂದು ನನಗೆ. ಸಕ್ಕರೆ ಸರಿಯಾಗಿತ್ತು.

ಅತ್ತೆ ರುದ್ರವ್ವ ಲೋಟ ಕೆಳಗಿಟ್ಟು, "ಮಧ್ಯಾಹ್ನ ಗುಜರಿಯವ ಬರ್ತಾನ," ಅಂದರು. "ಆ ಟ್ರಕ್ ಒಯ್ಯಲಿ. ನನ್ನ ಕಣ್ಣ ಮುಂದ ಬ್ಯಾಡ ಅದು."

"ಇವತ್ತೇಯಾ?"

"ಮತ್ತೇನ, ಅದಕ್ಕ ಪೂಜಿ ಮಾಡೂದದ ಏನ?"

ಟ್ರಕ್ಕು ಕೆಳಗೆ ಪಾರ್ಕಿಂಗಿನಲ್ಲಿತ್ತು. ಪೊಲೀಸರು ಬಿಟ್ಟುಕೊಟ್ಟ ಮೇಲೆ ಯಾರೋ ತಂದು ನಿಲ್ಲಿಸಿದ್ದರು. ಹಳೆಯ ಡೀಸೆಲ್ ಗಾಡಿ, ನಾಲ್ಕೂ ಚಕ್ರಕ್ಕೆ ಎಳೆತ. ನನ್ನ ಗಂಡ ಮಾಂತು ಅದನ್ನು ಹರಾಜಿನಲ್ಲಿ ಕೊಂಡಿದ್ದ. ವಾರವಿಡೀ ಮಾರ್ಕೆಟ್ ಯಾರ್ಡಿನ ಬೇಳೆ ಅಂಗಡಿಯಲ್ಲಿ ಕೂರುತ್ತಿದ್ದವನು ಭಾನುವಾರ ಬಂತೆಂದರೆ ರಸ್ತೆಯೇ ಇಲ್ಲದ ಕಡೆ ಅದನ್ನು ಒಯ್ಯುತ್ತಿದ್ದ. ಹೋದ ಭಾನುವಾರದ ಹಿಂದಿನ ಭಾನುವಾರ ಪುಣೆಯ ಹೊರಗೆ, ಪಾನಶೇತದಾಚೆ, ಒಂದು ಹಳ್ಳದಲ್ಲಿ ಗಾಡಿ ಹೂತುಕೊಂಡಿತು. ಅದನ್ನು ಮೇಲಕ್ಕೆಳೆಯುತ್ತಿರುವಾಗ ಅವನ ಹೃದಯ ನಿಂತಿತು. ಮೂವತ್ತನಾಲ್ಕು ವರ್ಷ. ಜೊತೆಗೆ ಯಾರೂ ಇರಲಿಲ್ಲ.

ನಮ್ಮ ಕಡೆ, ಕರಾವಳಿಯಲ್ಲಿ, ಸುಡುತ್ತಾರೆ. ಇವರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಸ್ಟೀಯರಿಂಗ್ ಹಿಂದೆ ಕೂತಾಗಲೂ ಅವನ ಬೆನ್ನು ಹಾಗೇ ನೆಟ್ಟಗಿರುತ್ತಿತ್ತು.

ಗಾಡಿಯ ಮುಂದೆ ವಿಂಚ್ ಇದೆ, ಉಕ್ಕಿನ ಹಗ್ಗ ಸುತ್ತಿದ ಮೋಟರು. ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಆದರೆ ಆ ಮೋಟರು ಬ್ಯಾಟರಿಯನ್ನು ಕುಡಿದುಬಿಡುತ್ತದೆ. ಅದಕ್ಕೆ ಎಳೆಯುವಷ್ಟು ಹೊತ್ತೂ ಯಾರಾದರೂ ಒಳಗೆ ಕೂತು ಎಂಜಿನ್ನಿಗೆ ರೇಸ್ ಕೊಡುತ್ತಲೇ ಇರಬೇಕು, ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಒಂದೂವರೆ ಸಾವಿರದಿಂದ ಅಲುಗದಂತೆ. ಮೂರು ವರ್ಷ ಆ ಕೆಲಸ ನನ್ನದಾಗಿತ್ತು.

ಕಳೆದ ಮಳೆಗಾಲದ ಕೊನೆಯಲ್ಲಿ ಒಮ್ಮೆ ಎರಡೂವರೆ ಗಂಟೆ ಹಾಗೆ ಕೂತೆ. ಮಾರನೆಯ ದಿನ ವಿಮಾನ ನಗರದ ಆಫೀಸಿನಲ್ಲಿ ನಾನು ವರದಿ ಮಂಡಿಸುವುದಿತ್ತು. ಬಲಗಾಲು ಮರಗಟ್ಟಿ, ಇಳಿಯಲು ಹೋಗಿ ಕೆಸರಿಗೆ ಬಿದ್ದೆ.

"ನಾನೆಂತ ನಿನ್ನ ಗಾಡಿಯ ಸ್ಪೇರ್ ಪಾರ್ಟಾ?" ಅಂದೆ. "ಇನ್ನು ಮೇಲೆ ನಾನು ಬರುವುದಿಲ್ಲ. ಪೆಡಲ್ ಮೇಲೆ ಒಂದು ಕಲ್ಲು ಇಟ್ಟುಕೋ ಮಾರಾಯ."

ಅವನು ನಕ್ಕ. "ಕಲ್ಲು ನಿನ್ನಷ್ಟು ಬೈಯೂದಿಲ್ಲ, ಅದೂ ಖರೆ."

ಮುಂದಿನ ವಾರವೇ ಊಟದ ಮೇಜಿನ ಮೇಲೆ ಸೈಕಲ್ ಸಾಮಾನು ಬಂದು ಬಿತ್ತು. ಅವನು ಅದಕ್ಕೆ ಕೈರೇಸು ಎಂದು ಹೆಸರಿಟ್ಟ. ಸೈಕಲ್ಲಿನ ಗೇರ್ ಲಿವರನ್ನು ಡ್ಯಾಶಿಗೆ ಕೂರಿಸಿ, ಅಲ್ಲಿಂದ ಬ್ರೇಕ್ ಕೇಬಲ್ ಎಳೆದು ಎಂಜಿನ್ನಿನ ಡೀಸೆಲ್ ಪಂಪಿನ ತೋಳಿಗೆ ಕಟ್ಟುವುದು. ಹೆಬ್ಬೆರಳಿನಿಂದ ಲಿವರ್ ಒತ್ತಿದರೆ ರೇಸ್ ಏರಿ ಅಲ್ಲೇ ನಿಲ್ಲಬೇಕು. ಕಾಲಿನ ಪೆಡಲಿಗೆ ಅದರಿಂದ ತೊಂದರೆಯಾಗಬಾರದೆಂದು ಕೇಬಲ್ಲಿನ ತುದಿಗೆ ಸೈಕಲ್ ಚೈನಿನ ಎರಡು ಕೊಂಡಿ ಹಾಕಿದ. ಚೈನು ಎಳೆಯುತ್ತದೆ, ನೂಕುವುದಿಲ್ಲ. ಕೇಬಲ್ ತುಂಡಾದರೆ ರೇಸ್ ತಾನಾಗಿ ಇಳಿಯಲೆಂದು ಪಂಪಿಗೆ ಇನ್ನೊಂದು ಸ್ಪ್ರಿಂಗ್ ಸೇರಿಸಿದ. ಅವನ ಕೆಲಸದಲ್ಲಿ ತಪ್ಪು ಇರಲಿಲ್ಲ. ಇದನ್ನು ನಾನು ಬರೆದಿಡಬೇಕು.

ಅಡಚಣೆಯಾದದ್ದು ಲಿವರಿನಿಂದ. ಈಗಿನ ಲಿವರುಗಳು ಟಿಕ್ ಟಿಕ್ ಎಂದು ಮೆಟ್ಟಿಲೇರುತ್ತವೆ. ಒಂದು ಟಿಕ್ಕಿಗೆ ಸಾವಿರದ ಇನ್ನೂರು, ಮುಂದಿನದಕ್ಕೆ ಸಾವಿರದ ಎಂಟುನೂರು. ಅವನಿಗೆ ಬೇಕಾದದ್ದು ಹಳೆಯ ಕಾಲದ್ದು, ಬರಿಯ ಬಿಗಿತದಿಂದ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುವಂಥದು. ಹಳೆ ಪುಣೆಯ ಪೇಠಗಳ ಸೈಕಲ್ ಅಂಗಡಿಗಳನ್ನೆಲ್ಲ ಸುತ್ತಿದ. ಕೊನೆಗೆ ಸಿಕ್ಕಿದ್ದು ಸದಾಶಿವ ಪೇಠದಲ್ಲಿ, ಚನ್ನವೀರ ಕಾಕಾ ಅವರ ಮನೆಯಲ್ಲಿ. ತೀರಿಹೋದ ನನ್ನ ಮಾವನ ಗೆಳೆಯರು ಅವರು. ಗುಮಾಸ್ತರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಹರೆಯದಲ್ಲಿ ಗೇರ್ ಸೈಕಲ್ಲಿನ ಮೇಲೆ ಪುಣೆಯಿಂದ ವಿಜಾಪುರಕ್ಕೆ ಹೋಗಿಬಂದಿದ್ದರು. ಆ ಸೈಕಲ್ ಇನ್ನೂ ಅವರ ಮೆಟ್ಟಿಲ ಕೆಳಗಿದೆ.

"ಕೊಡ್ತೀನಿ," ಅಂದಿದ್ದರಂತೆ. "ಆದ್ರ ದಾನ ಅಲ್ಲ, ಎರವಲು. ಇದರಂಥಾದ್ದ ಇನ್ನೊಂದು ಲೇಥಿನ್ಯಾಗ ಮಾಡಿಸ್ಕೊಂಡು ನಂದು ನನಗ ತಂದು ಕೊಡು."

ಅದನ್ನು ಕೂರಿಸಿದ ದಿನ ಒಳಗೆ ಕೂತವಳು ನಾನೇ. ಅವನು ಬಾನೆಟ್ಟಿನೊಳಗೆ ತಲೆ ಹಾಕಿ, "ನೀ ಯಾವಾಗಲೂ ಕೊಡೂವಷ್ಟು ಕೊಡು," ಎಂದು ಕೂಗಿದ. ಕೊಟ್ಟೆ. ಮುಳ್ಳು ಒಂದೂವರೆ ಸಾವಿರಕ್ಕೆ ಬಂದು ನಿಂತಿತು. ಅವನು ಕೇಬಲ್ ಬಿಗಿದ, ಬಂದು ಲಿವರ್ ಒತ್ತಿದ, ಅದರ ಸ್ಕ್ರೂ ತಿರುಗಿಸಿದ. "ಈಗ ಕಾಲು ತಗಿ." ತೆಗೆದೆ. ಮುಳ್ಳು ಕದಲಲಿಲ್ಲ. ಅವನು ಪಾರ್ಕಿಂಗಿನಲ್ಲಿ ಕುಣಿದ. ನನಗೂ ಖುಷಿಯಾಯಿತು. ನನ್ನ ಭಾನುವಾರಗಳು ನನಗೆ ಸಿಕ್ಕವು ಎಂದುಕೊಂಡೆ.

ಅವನು ತೀರಿಕೊಂಡ ಆ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನನ್ನನ್ನು ಎಬ್ಬಿಸಿದ. "ಬರ್ತೀಯೇನ? ಏನೂ ಮಾಡಬ್ಯಾಡ. ಸುಮ್ಮನ ಕೂಡು."

"ಈಗ ನಿಂಗೆ ಲಿವರ್ ಉಂಟಲ್ಲ," ಎಂದು ಗೋಡೆಯ ಕಡೆ ತಿರುಗಿದೆ.

ಅವನನ್ನು ಮೊದಲು ನೋಡಿದ್ದು ಗುಡ್ಡದ ಮೇಲಿನ ವಸತಿಯ ಸಕ್ಕುಬಾಯಿ ಎಂಬ ಹೆಂಗಸು, ಮಧ್ಯಾಹ್ನ. ಅವನು ಬಂಪರಿನ ಪಕ್ಕದಲ್ಲಿ ಬಿದ್ದಿದ್ದ. ಬೆಳಗಿನಿಂದ ಆಕೆಗೆ ಎಂಜಿನ್ ಸದ್ದು ಕೇಳುತ್ತಲೇ ಇತ್ತಂತೆ, ಏರದೆ, ಇಳಿಯದೆ. ಪೊಲೀಸ್ ಚೌಕಿಯಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು. "ಗಾಡಿ ಚಾಲೂಚ ಹೋತಿ. ಮಲಾ ವಾಟಲಂ, ಕುಣೀತರೀ ಆತ ಬಸಲಂಯ." ಗಾಡಿ ಚಾಲೂ ಇತ್ತಲ್ಲ, ಒಳಗೆ ಯಾರೋ ಕೂತಿದ್ದಾರೆ ಎಂದುಕೊಂಡಳಂತೆ. ಸದ್ದು ನಿಂತಿದ್ದರೆ ಆಗಲೇ ಇಳಿದು ಬಂದು ನೋಡುತ್ತಿದ್ದಳು. ಬೇಗ ತಂದಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು, ಉಳಿಯಲೂಬಹುದಿತ್ತು ಅಂದರು. ನಾನು ಅಲ್ಲಿದ್ದಿದ್ದರೆ ಗುಡ್ಡ ಹತ್ತಿ ಕೂಗುತ್ತಿದ್ದೆ. ಅಷ್ಟಂತೂ ಮಾಡುತ್ತಿದ್ದೆ.

ಯಾಕೆ ಹೋಗಲಿಲ್ಲ ಎಂದು ಅತ್ತೆ ಕೇಳಿದಾಗ ನನಗೆ ಜ್ವರ ಇತ್ತು ಅಂದೆ. ಇರಲಿಲ್ಲ.

ಮೂರನೆಯ ದಿನ ಚನ್ನವೀರ ಕಾಕಾ ಮಾತನಾಡಿಸಲು ಬಂದರು. ಮನೆ ತುಂಬ ಜನ. ಅತ್ತೆ ಎದ್ದು ನಿಂತರು. "ಬಾಗಲದಾಗ ನಿಂದರು. ಒಳಗ ಬರಬ್ಯಾಡ. ನೀ ಆ ತುಣುಕು ಕೊಡಲಿಲ್ಲಂದ್ರ ನನ್ನ ಮಗ ಒಬ್ಬನ ಹೋಗ್ತಿರಲಿಲ್ಲ. ನನ್ನ ಮಗನ್ನ ನೀ ಒಬ್ಬನ್ನ ಮಾಡಿ ಕಳಿಸಿದಿ." ಕಾಕಾ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ನಾನು ಬಂದವರಿಗೆ ನೀರು ಕೊಡುತ್ತಿದ್ದೆ. ಒಂದು ಮಾತು ಹೇಳಬಹುದಿತ್ತು. ಅತ್ತೆ ಲಿವರನ್ನು ಬೈಯುತ್ತಿರುವಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮುಂದಿನ ಲೋಟ ತುಂಬಿಸಿದೆ.

ಹನ್ನೊಂದನೆಯ ದಿನದ ಪ್ರಸಾದಕ್ಕೂ ಕಾಕಾ ಬರಲಿಲ್ಲ.

ನೆಂಟರೆಲ್ಲ ಹೋದ ಆ ಬೆಳಿಗ್ಗೆ, ಚಹಾದ ಲೋಟ ತೊಳೆದಿಟ್ಟು, ಅವನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಳಗಿಳಿದೆ. ಗುಜರಿಯವನು ಬಂದರೆ ಗಾಡಿಯ ಜೊತೆ ಲಿವರೂ ಹೋಗುತ್ತದೆ, ಅದು ನಮ್ಮದಲ್ಲ. ಅಷ್ಟೇ ಯೋಚಿಸಿದ್ದೆ. ಎರಡು ಸ್ಕ್ರೂ, ಒಂದು ಕೇಬಲ್. ಹತ್ತು ನಿಮಿಷವೂ ಹಿಡಿಯಲಿಲ್ಲ. ಮನೆಯ ಹತ್ತಿರ, ಯೆರವಡಾದ ಚೌಕದಲ್ಲಿ, ಸದಾಶಿವ ಪೇಠಕ್ಕೆ ರಿಕ್ಷಾ ಹತ್ತಿದೆ.

ಕಾಕಾ ಬಾಗಿಲು ತೆರೆದರು. ಗಡ್ಡ ಬೆಳೆದಿತ್ತು. ಬನಿಯನ್ನಿನ ಮೇಲೆ ಅಂಗಿ ಹಾಕಿಕೊಳ್ಳುತ್ತ, "ಬಾ ಯಶ್ಮಿತಾ, ಕೂಡು," ಅಂದರು. ನಾನು ಕೈಚೀಲದಿಂದ ಲಿವರ್ ತೆಗೆದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಅದನ್ನ ಯಾಕ ತಂದಿ? ಒಗದ ಬಿಡು. ಮುಠಾ ನದಿ ಇಲ್ಲೇ ಅದ."

"ನಿಮ್ಮದು ಕಾಕಾ. ಎರವಲು ಅಂದಿದ್ದಿರಂತೆ."

"ಅಂದಿದ್ದೆ. ಎರವಲು ಕೊಡೂದಿಲ್ಲ ಅಂದಿದ್ರ ಅಂವ ಹೊಳ್ಳಿ ಹೋಗ್ತಿದ್ದ, ಇವತ್ತ ಅಂಗಡ್ಯಾಗ ಕೂತಿರ್ತಿದ್ದ. ರುದ್ರವ್ವ ಸುಳ್ಳ ಹೇಳಿಲ್ಲ. ಎತ್ತರದ ದನಿಯಾಗ ಹೇಳ್ಯಾಳ, ಅಷ್ಟ." ಸೈಕಲ್ಲನ್ನು ಗುಜರಿಗೆ ಕೊಟ್ಟುಬಿಡುತ್ತೇನೆ ಎಂದೂ ಅಂದರು. "ನಾ ಅದನ್ನ ಮುಟ್ಟೂದಿಲ್ಲ, ಯವ್ವಾ. ತಗೊಂಡ ಹೋಗು."

ಲಿವರ್ ಕೈಯಲ್ಲಿ ಹಿಡಿದುಕೊಂಡು ನಿಂತೆ. ಅದನ್ನು ಮೇಜಿನ ಮೇಲಿಟ್ಟು ಬಂದುಬಿಡಬಹುದೆಂದು ಹೊರಟಿದ್ದೆ. ಈಗ ಇಡಲು ಆಗಲಿಲ್ಲ.

"ಕಾಕಾ, ಇದು ಅವನನ್ನು ಒಬ್ಬನನ್ನಾಗಿ ಮಾಡಲಿಲ್ಲ. ನಾನು ಮಾಡಿದ್ದು."

"ಏನ ಮಾತು ಆಡ್ತೀ?"

ಹೇಳಿದೆ. ಒಳಗೆ ಕೂತು ರೇಸ್ ಕೊಡುವ ಕೆಲಸ ನನ್ನದಾಗಿತ್ತು, ನಾನು ಬರುವುದಿಲ್ಲ ಅಂದದ್ದಕ್ಕೆ ಅವನು ಇದನ್ನು ಮಾಡಿಕೊಂಡ. ಕಲ್ಲು ಇಟ್ಟುಕೋ ಅಂದದ್ದು. ಆ ಬೆಳಿಗ್ಗೆ ಅವನು ಕರೆದದ್ದು, ನಾನು ಅಂದದ್ದು. ಜ್ವರ ಇರಲಿಲ್ಲ ಎಂಬುದು. ಅತ್ತೆ ಬೈಯುವಾಗ ನೀರಿನ ತಂಬಿಗೆ ಹಿಡಿದು ಸುಮ್ಮನೆ ನಿಂತದ್ದು. ಎಲ್ಲ ಐದು ನಿಮಿಷದಲ್ಲಿ ಮುಗಿಯಿತು. ಅಳು ಬರಲಿಲ್ಲ. ಬಂದಿದ್ದರೆ ಅವರಿಗಾದರೂ ಸುಲಭವಾಗುತ್ತಿತ್ತು.

ಕಾಕಾ ಮಂಚದ ಅಂಚಿನಲ್ಲಿ ಕೂತರು. ಕೆಳಗೆ ಟ್ಯೂಷನ್ ಕ್ಲಾಸಿನ ಹುಡುಗರ ಸ್ಕೂಟರುಗಳು ಒಂದರ ಹಿಂದೊಂದು ಚಾಲೂ ಆದವು. ಅವೆಲ್ಲ ಹೋದ ಮೇಲೆ ಕೇಳಿದರು.

"ರುದ್ರವ್ವಗ ಗೊತ್ತದ ಏನ?"

"ಇಲ್ಲ."

"ಹೇಳಬ್ಯಾಡ." ತಲೆ ಎತ್ತದೆ ಅಂದರು. "ಆಕಿ ಬಾಯಿ ನಿನಗ ಗೊತ್ತಿಲ್ಲ. ನಾ ನಲವತ್ತ ವರ್ಷದಿಂದ ಬೈಸ್ಕೊಂಡಾಂವ, ಚರ್ಮ ದಪ್ಪಾಗ್ಯಾದ. ಮಗ ಹೋದ ಮ್ಯಾಲೆ ಆಕಿಗೆ ಬೈಯಾಕ ಒಬ್ಬರು ಬೇಕು. ನಾ ಇಲ್ಲಿ, ಆಕಿ ಅಲ್ಲಿ. ನೀ ಆಕಿ ಜೋಡಿ ಒಂದ ಮನ್ಯಾಗ ಇರಾಕಿ. ನನ್ನ ಮ್ಯಾಲೇ ಇರಲಿ ಅದು."

ಆ ಮಾತನ್ನು ತೆಗೆದುಕೊಂಡು ಎದ್ದು ಬರಬಹುದಿತ್ತು. ಸ್ವಲ್ಪ ಹೊತ್ತು ತೆಗೆದುಕೊಂಡೆ ಕೂಡ. ಮನೆಗೆ ಹೋಗುವುದು, ಅನ್ನಕ್ಕಿಡುವುದು, ಸೋಮವಾರದಿಂದ ಆಫೀಸು, ಅತ್ತೆ ಮತ್ತು ನಾನು ಟಿವಿಯ ಮುಂದೆ. ಎಲ್ಲ ಕಂಡಿತು. ಆಮೇಲೆ ಒಲೆಯ ಪಕ್ಕದ ತಟ್ಟೆ ಕಂಡಿತು. ಅದರಲ್ಲಿದ್ದ ರೊಟ್ಟಿ ಯಾವ ದಿನದ್ದೋ, ಅಂಚು ಮೇಲೆದ್ದು ನಿಂತಿತ್ತು. ಯಾರೂ ಮುರಿದಿರಲಿಲ್ಲ.

"ಇಲ್ಲ ಕಾಕಾ. ಗುಜರಿಯವನು ಬರುವ ಮೊದಲು ಹೇಳುತ್ತೇನೆ."

"ಹೊರಗ ಹಾಕ್ತಾಳ."

"ಹಾಕಲಿ."

"ಹಾಕಲಿ ಅಂತ. ಎಲ್ಲಿ ಹೋಗಾಕಿ? ನಿಮ್ಮಪ್ಪನ ಹೋಟೆಲಿಗೆ ಹೋಗಿ ದೋಸಿ ಹಾಕ್ತೀ?"

"ಬೇಕಾದರೆ ಹಾಕುತ್ತೇನೆ. ನನ್ನ ದೋಸೆ ಹರಿದುಹೋಗುತ್ತದೆ."

ಅವರು ಮೊದಲ ಸಲ ನನ್ನ ಮುಖ ನೋಡಿದರು. "ಮಂಗಳೂರವ್ವ, ಹಟಾ ಭಾಳ ನಿಂದು. ಅಂವಾನೂ ಇದನ್ನ ಅಂತಿದ್ದ." ಎದ್ದು ಅಂಗಿಯ ಗುಂಡಿ ಹಾಕಿಕೊಂಡರು, ಒಂದು ತಪ್ಪಿತು, ಬಿಚ್ಚಿ ಮತ್ತೆ ಹಾಕಿಕೊಂಡರು. "ನಡಿ, ನಾನೂ ಬರ್ತೀನಿ. ನನ್ನನ್ನಂತೂ ಒಳಗ ಕರಿಯೂದಿಲ್ಲ, ಮೆಟ್ಟಲದ ಮ್ಯಾಲೆ ಕೂಡ್ತೀನಿ. ಆಕಿ ನಿನ್ನ ಹೊರಗ ಹಾಕಿದ್ರ ಹೊರಗ ಒಬ್ಬರಾದ್ರೂ ಇರಬೇಕಲ್ಲ."

"ನೀವು ಬರಬೇಕೆಂದಿಲ್ಲ ಕಾಕಾ."

"ನನಗ ಗೊತ್ತದ."

ಬಾಗಿಲ ಹತ್ತಿರ ಬಂದು ನನ್ನ ಮುಂದೆ ಕೈ ಚಾಚಿದರು.  ಈ ಸಲ ಹಿಂದೆ ಸರಿಯಲಿಲ್ಲ.

"ಕೊಡು ಇಲ್ಲೆ. ನಂದು ಅದು."

ಅವರ ಅಂಗೈ ಮೇಲೆ ಇಟ್ಟೆ.