ಗಂಧಕದ ಬುಗ್ಗೆಯ ದಾರಿ

"ಏಯ್, ಕತ್ತಿನ್ ಕೆಳೀಕೆ ಚಾಕು ಹೋದ್ರೆ ನಿನ್ ಚರ್ಮಾನೇ ಸುಲ್ದು ಗ್ವಾಡೆಗೆ ಬಡೀತೀನಿ ನೋಡು!"

ಗ್ರೇಡಿ ಗದರಿದರೂ ಮಾರ್ವಾ ತಲೆ ಎತ್ತಲಿಲ್ಲ. ಕೊಕ್ಕೆಗೆ ನೇತುಹಾಕಿದ್ದ ಗಂಡು ಎಲ್ಕ್ ಕಡವೆಯ ಭುಜದ ಹಿಂದೆ ಸುತ್ತಲೂ ಚಾಕು ಎಳೆದು, ಚರ್ಮವನ್ನು ಮುಷ್ಟಿಯಿಂದ ಒತ್ತಿ ಒತ್ತಿ ಮಾಂಸದಿಂದ ಬಿಡಿಸುತ್ತಿದ್ದಳು. ತಲೆ, ಕತ್ತು, ಎದೆಯವರೆಗಿನ ಚರ್ಮ ಒಂದು ಗೀರೂ ಇಲ್ಲದೆ ಇಳಿಯಬೇಕು. ದೊಡ್ಡ ಊರಿನ ಯಾವುದೋ ಬಂಗಲೆಯ ಗೋಡೆ ಏರುವ ತಲೆ ಅದು. ಈ ಹಂಗಾಮಿನಲ್ಲಿ ಅವಳು ಹೀಗೆ ಇಳಿಸಿದವುಗಳಲ್ಲಿ ಇದು ಹದಿನಾಲ್ಕನೆಯದು. ಒಂದರಲ್ಲೂ ಚಾಕು ತಪ್ಪಿರಲಿಲ್ಲ. ಅದು ಗ್ರೇಡಿಗೂ ಗೊತ್ತಿತ್ತು. ಆದರೆ ಕಡವೆ ಹೊಡೆದ ಅತಿಥಿ ಪಕ್ಕದಲ್ಲೇ ನಿಂತಿದ್ದನಲ್ಲ, ದನ ಮೇಯಿಸುವ ಆ ದೊಡ್ಡ ಜಮೀನಿನ, ರಾಂಚಿನ, ಮ್ಯಾನೇಜರ್ ಅನ್ನಿಸಿಕೊಂಡವನು ಯಾರನ್ನಾದರೂ ಗದರಿಸಲೇಬೇಕಿತ್ತು.

"ಹೆಂಗಸು ಸುಲಿಯೋದಾ?" ಎಂದು ಅತಿಥಿ ಗ್ರೇಡಿಯನ್ನು ಕೇಳಿದ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ಇವಳಪ್ಪಂದೂ ಇದೇ ಕಸುಬು, ಅವರಪ್ಪಂದೂ ಇದೇ ಕಸುಬು. ಮೈಯೆಲ್ಲಾ ರಕ್ತ ಆಗ್ದಿದ್ರೆ ಇವ್ಕೆ ಊಟ ಸೇರಾಕಿಲ್ಲ ಸಾರ್."

ಅತಿಥಿ ನಕ್ಕ. ಆಮೇಲೆ ಅವಳತ್ತ ತಿರುಗಿ ಕೇಳಿದ. "ನೀನೂ ಬೇಟೆ ಆಡ್ತೀಯೇನಮ್ಮ?"

"ಆಡ್ತಿದ್ದೆ ಸಾರ್. ಈ ವರ್ಸಾನೂ ಸರ್ಕಾರದ ಬೇಟೆ ಚೀಟಿ ತಗಂಡಿವ್ನಿ. ಒಂದು ಹೆಣ್ಣು ಕಡವೆಗೆ. ಜೇಬಲ್ಲೇ ಅದೆ."

"ಮತ್ತೆ? ಭಾನುವಾರಕ್ಕೆ ಬೇಟೆ ಮುಗೀತದಲ್ಲ?"

"ಸರ್ಕಾರದ ಕಾಡು ಗೇಟಿನಾಚೆ ಅದೆ ಸಾರ್. ಗೇಟಿಗೆ ಬೀಗ ಅದೆ."

ಅತಿಥಿಗೆ ಅರ್ಥವಾಗಲಿಲ್ಲ. "ನಾನಿವತ್ತು ಹೊಡೆದಿದ್ದು ಸರ್ಕಾರದ ಕಾಡಲ್ಲೇ ತಾನೆ, ಗ್ರೇಡಿ? ಆ ಕೊಳೆತ ಮೊಟ್ಟೆ ನಾತದ ಬುಗ್ಗೆ ಹತ್ರ?"

"ಹೂಂ ಸಾರ್. ಕಾಡು ಎಲ್ಲಾರ್ದೂವೆ. ದಾರಿ ಮಾತ್ರ ನಮ್ದು." ಗ್ರೇಡಿ ಹಲ್ಲು ಕಿರಿದ. "ರೆಕ್ಕೆ ಇದ್ರೆ ಇವ್ಳು ಹಾರ್ಕಂಡು ಹೋಗ್ಲಿ. ನಾವೇನ್ ಬ್ಯಾಡ ಅಂದೋ?"

ಇಬ್ಬರೂ ನಗುತ್ತಾ ಹೊರಗೆ ಹೋದರು. ಅತಿಥಿಗೆ ತಲೆ ಬೇಕಿತ್ತು, ಕೊಂಬು ಬೇಕಿತ್ತು, ಅದರ ಜೊತೆ ಒಂದು ಫೋಟೋ ಬೇಕಿತ್ತು. ಉಳಿದ ಮುನ್ನೂರು ಕಿಲೋದ ದೇಹವನ್ನು ಅವನು ತಿರುಗಿಯೂ ನೋಡಲಿಲ್ಲ.

ಸಂಜೆ ಕೈ ತೊಳೆದುಕೊಂಡು, ಮಾರ್ವಾ ಗ್ರೇಡಿಯ ಕೋಣೆಯ ಬಾಗಿಲಲ್ಲಿ ನಿಂತಳು.

"ಆ ಕತ್ತಿನ್ ಮಾಂಸನಾರಾ ಒಯ್ಲಾ? ಯಾರಿಗೂ ಬ್ಯಾಡ್ದೆ ಇರೋದು."

"ಬತ್ತದೆ ಗಾಡಿ. ಎಲ್ಲಾ ಪಟ್ಟಣದ ಬಡವ್ರಿಗೆ ಹೋಯ್ತದೆ. ಪ್ರೆಸ್ಕಾಟ್ ಧಣಿ ಅಲ್ಲೇ ನಿಂತು ಹಂಚ್ತಾರೆ. ಪೇಪರಲ್ಲಿ ಹಾಕ್ತಾರೆ."

"ನಾನೂ ಬಡವಳೆ ಕಣ್ ಗ್ರೇಡಿ."

"ನೀನು ಕೆಲ್ಸದೋಳು. ಕೆಲ್ಸದೋರಿಗೆ ಕೊಟ್ರೆ ನಾಳೆ ಎಲ್ಲಾ ಚೀಲ ಹಿಡ್ಕಂಡು ಬತ್ತೀರಿ. ಬಾಗ್ಲು ಹಾಕ್ಕಂಡೋಗು, ಚಳಿ ಒಳೀಕೆ ನುಗ್ತದೆ."

ಮೊದಲು ಹೀಗಿರಲಿಲ್ಲ. ಈ ರಾಂಚು ಮುದುಕ ಓಲ್ಸನ್‌ನದಾಗಿದ್ದಾಗ ಸ್ಟೋನ್‌ಫೋರ್ಡ್ ಊರಿನ ಜನ ಅವನ ಹೊಲದ ನಡುವಿನ ಮಣ್ಣು ರಸ್ತೆಯಲ್ಲೇ ಕರಡಿಬೆನ್ನು ಗುಡ್ಡಕ್ಕೆ ಹೋಗುತ್ತಿದ್ದರು. ಎರಡು ಮೈಲಿ ಅವನ ಭೂಮಿ, ಅದರಾಚೆ ಸರ್ಕಾರದ್ದು. ದನ ಹೊರಗೆ ಹೋಗದಂತೆ ಗೇಟು ಎಳೆದುಕೊಂಡು ಹೋಗಿ ಎನ್ನುವುದನ್ನು ಬಿಟ್ಟರೆ ಓಲ್ಸನ್ ಬೇರೇನೂ ಹೇಳುತ್ತಿರಲಿಲ್ಲ. ಹೊರಬರುವಾಗ ಯಾರಾದರೂ ಅವನ ಜಗುಲಿಯ ಮೇಲೆ ಬೆನ್ನೆಲುಬಿನ ಒಳಬದಿಯ ಮೆತ್ತನೆ ಮಾಂಸದ ಒಂದು ತುಂಡು ಇಟ್ಟು ಬರುತ್ತಿದ್ದರು. ಮಾರ್ವಾ ಹನ್ನೆರಡನೆಯ ವಯಸ್ಸಿಗೆ ತನ್ನ ಮೊದಲ ಕಡವೆ ಹೊಡೆದದ್ದು ಅಲ್ಲಿನ ಗಂಧಕದ ಬುಗ್ಗೆಯ ಮೇಲಿನ ಬಯಲಿನಲ್ಲಿ. ಓಲ್ಸನ್ ಸತ್ತ. ಮಕ್ಕಳು ಮಾರಿದರು. ಕೊಂಡ ಪ್ರೆಸ್ಕಾಟ್ ವರ್ಷಕ್ಕೆ ಮೂರು ಸಲ ಸ್ವಂತ ವಿಮಾನದಲ್ಲಿ ಬಂದು ಇಳಿಯುತ್ತಿದ್ದ. ಅವನು ಮೊದಲು ತರಿಸಿದ್ದು ಕಬ್ಬಿಣದ ಗೇಟು. ಆಮೇಲೆ ಬಂದೂಕಿನ ಅತಿಥಿಗಳು ಬಂದರು. ಗುಡ್ಡದ ಮೂರು ಕಡೆಯ ಭೂಮಿಯೂ ಈಗ ಅವನದೇ. ನಡುವೆ ಸರ್ಕಾರದ ಕಾಡು ಬೇಲಿಯೊಳಗಿನ ಹಿತ್ತಿಲಿನ ಹಾಗೆ ಉಳಿದಿತ್ತು.

ಮನೆಯಲ್ಲಿ ಗಂಡ ಲೆಸ್ಟರ್ ಒಲೆಯ ಹತ್ತಿರ ಕೋಲು ಊರಿ ಕೂತಿದ್ದ. ಮರ ಕೊಯ್ಯುವ ಮಿಲ್ಲಿನಲ್ಲಿ ದಿಮ್ಮಿ ಉರುಳಿ ಬೆನ್ನುಮೂಳೆ ಮುರಿದುಕೊಂಡ ಮೇಲೆ ಅವನಿಗೆ ಬಗ್ಗಲು ಆಗುತ್ತಿರಲಿಲ್ಲ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಏನಮ್ಮಿ, ಕತ್ತು ಕೊಟ್ನಾ?"

"ಕತ್ತು ಹಿಡ್ದು ತಳ್ಳಿಲ್ಲ, ಅಷ್ಟೆ."

"ಬೋಳಿಮಗ. ಅವರಪ್ಪಂಗೆ ನಾನು ಎಷ್ಟು ಸಲ ಮಾಂಸ ಕೊಟ್ಟಿವ್ನಿ ಗೊತ್ತಾ? ಮಿಲ್ಲು ಮುಚ್ಚಿದ್ ವರ್ಸ ಈ ಗ್ರೇಡಿನೇ ನಮ್ ಮನೇಲಿ ಉಂಡ್ಕಂಡು ಬೆಳ್ದೋನು." ಕರೆಂಟು ತೆಗೆದಿಟ್ಟಿದ್ದ ಉದ್ದನೆಯ ಫ್ರೀಜರಿನ ಕಡೆ ಅವನು ಕೋಲು ತೋರಿಸಿದ. ಎರಡು ಚಳಿಗಾಲದಿಂದ ಅದರೊಳಗೆ ಅವನ ಹಳೆಯ ಬೂಟುಗಳು, ಒಂದು ಗರಗಸ ಇದ್ದವು. "ಅಂಗಡಿ ಕೋಳಿ ತಿಂದು ತಿಂದು ನಾನೇ ಪುಕ್ಕ ಬಿಡ್ತೀನೇನೋ."

ಮಾರನೆಯ ದಿನ ಮಾರ್ವಾ ಅರ್ಧ ದಿನದ ರಜೆ ಹಾಕಿ ಜಿಲ್ಲೆಯ ಕೌಂಟಿ ಕಚೇರಿಗೆ ಹೋದಳು. ರಸ್ತೆಗಳ ಗುಮಾಸ್ತ ಅವಳನ್ನು ಕಂಡ ಕೂಡಲೇ ನಿಟ್ಟುಸಿರು ಬಿಟ್ಟ. ಅವಳು ಬಂದದ್ದು ಮೂರನೆಯ ಸಲ.

"ಅರ್ಜಿ ಕೊಟ್ಟಿದ್ದೀರಲ್ಲ. ಪರಿಶೀಲನೇಲಿದೆ."

"ಎರಡು ವರ್ಸದಿಂದ ಪರಿಶೀಲ್ನೇಲೇ ಅದೆ. ನಮ್ ತಾತ ಆ ರಸ್ತೆಗೆ ಕಲ್ಲು ಹೊತ್ತಿವ್ನೆ ಸಾರ್. ನಿಮ್ ಆಫೀಸಿನ ಗಾಡಿನೇ ಬಂದು ಹಿಮ ತಳ್ತಿತ್ತು."

"ತಳ್ಳಿರಬಹುದು. ಆದರೆ ಅದು ಸಾರ್ವಜನಿಕ ರಸ್ತೆ ಅನ್ನೋ ಪತ್ರ ನಮ್ಮಲ್ಲಿಲ್ಲ."

"ನಕ್ಷೇಲಿ ಗೆರೆ ಅದಲ್ಲ?"

"ನಕ್ಷೆಯ ಗೆರೆ ಪತ್ರ ಆಗಲ್ಲ, ತಾಯಿ." ಅವನು ನಕ್ಷೆಯನ್ನು ಅವಳತ್ತ ತಿರುಗಿಸಿ, ಗುಡ್ಡದ ಬೆನ್ನಿನ ಮೇಲೆ ಬೆರಳಾಡಿಸಿದ. "ನಿಮಗೆ ಕಾಡಿಗೆ ಹೋಗಬೇಡಿ ಅಂತ ಯಾರೂ ಹೇಳಿಲ್ಲ. ಉತ್ತರದ ಕಣಿವೆಯಿಂದ ಕಾಲುಹಾದಿ ಇದೆ. ಇಪ್ಪತ್ತೆರಡು ಮೈಲಿ ಆಗುತ್ತೆ, ಅಷ್ಟೆ."

"ಸೊಂಟದುದ್ದ ಹಿಮದಾಗೆ ಇಪ್ಪತ್ತೆರಡು ಮೈಲಿ. ಕಡವೆ ಹೊತ್ಕಂಡು."

"ಕುದುರೆ ಬಾಡಿಗೆಗೆ ತಗೊಳ್ಳಿ."

"ಕುದುರೆ ಇರೋದು ಪ್ರೆಸ್ಕಾಟ್ ಹತ್ರ."

ಗುಮಾಸ್ತನ ಮುಖ ಗಂಟಾಯಿತು. ಊರಿನ ಬೆಂಕಿ ಆರಿಸುವ ಹೊಸ ಗಾಡಿ ಯಾರು ಕೊಡಿಸಿದ್ದು ಗೊತ್ತೇ ಎಂದು ಕೇಳಿದ. ಗೊತ್ತು ಎಂದಳು. ಹಾಗಿದ್ದರೆ ಒಳ್ಳೆಯವರ ಮೇಲೆ ಸುಮ್ಮನೆ ದೂರು ಹೇಳಬಾರದು ಎಂದ. ಅವಳು ತಂದಿದ್ದ ಹೊಸ ಅರ್ಜಿಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟ. ಅದರ ಮೇಲೆ ಕಾಫಿ ಲೋಟ ಇಟ್ಟ. ಮಾರ್ವಾ ಬಾಗಿಲು ದಾಟುವಾಗ ತಿರುಗಿ ನೋಡಿದಳು. ಲೋಟದ ಕೆಳಗೆ ಕಾಗದದಲ್ಲಿ ಒಂದು ಕಂದು ಬಳೆ ಮೂಡುತ್ತಿತ್ತು.

ಅಂದು ರಾಂಚಿಗೆ ಹಿಂತಿರುಗಿ ಇನ್ನೊಂದು ಕಡವೆ ಸುಲಿದಳು. ಬುಧವಾರ ಎರಡು. ಶನಿವಾರ ಕೊನೆಯ ಅತಿಥಿ ಹೊರಟ.

ಭಾನುವಾರ ಬೆಳಗ್ಗೆ ಅವಳು ತಂದೆಯ ಬಂದೂಕನ್ನು ಗೋಡೆಯಿಂದ ಇಳಿಸಿದಳು. ಲೆಸ್ಟರ್ ಪಿಕಪ್ ಗಾಡಿಯ ಬೀಗದ ಕೈ ಹುಡುಕಿದ. ಗೇಟಿನ ಮುಂದೆ ಗಾಡಿ ನಿಲ್ಲಿಸಿದಾಗ ಬಿಸಿಲು ಗುಡ್ಡದ ನೆತ್ತಿಗೆ ಬಂದಿತ್ತು. ಅವಳು ಕಿತ್ತಳೆ ಬಣ್ಣದ ಬೇಟೆಯಂಗಿ ಹಾಕಿದ್ದಳು. ಬಿಳಿ ಹಿಮದ ಮೇಲೆ ಒಂದು ಮೈಲಿ ದೂರದಿಂದಲೂ ಎದ್ದು ಕಾಣುವಂಥದ್ದು.

"ಬೇಲಿ ಪಕ್ದಾಗೆ ಮರಗಳವೆ, ಮರೇಲಿ ಹೋಗಮ್ಮಿ," ಎಂದ ಲೆಸ್ಟರ್.

"ಮರೇಲಿ ಯಾಕೋಗ್ಲಿ? ಕದಿಯಕ್ ಹೊಂಟಿವ್ನಾ?"

ಗೇಟಿನ ಕೆಳಗೆ ನುಸುಳಿ ರಸ್ತೆಯ ನಡುವೆಯೇ ನಡೆದಳು. ರಸ್ತೆಯಲ್ಲಿ ಅತಿಥಿಗಳ ಗಾಡಿಯ ಚಕ್ರದ ಗುರುತು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅದು ಎಷ್ಟು ಸಲೀಸಾಗಿತ್ತೆಂದರೆ ಅವಳಿಗೆ ಸಿಟ್ಟು ಬಂತು. ಎರಡು ಮೈಲಿ ಅಷ್ಟೆ. ಎರಡು ವರ್ಷ ಈ ಎರಡು ಮೈಲಿಗೆ ಅವಳು ಅರ್ಜಿ ಬರೆದಿದ್ದಳು, ಕೈಮುಗಿದಿದ್ದಳು, ಈ ಜನರ ಗೋಡೆಗಳಿಗೆ ತಲೆ ಸುಲಿದು ಕೊಟ್ಟಿದ್ದಳು.

ಸರ್ಕಾರದ ಗಡಿಕಲ್ಲು ದಾಟಿ ಬುಗ್ಗೆಯ ಮೇಲಿನ ಬಯಲಿಗೆ ಬಂದಾಗ ಗಾಳಿ ಎದುರಿಗಿತ್ತು. ಏಳು ಹೆಣ್ಣು ಕಡವೆಗಳು ಹಿಮ ಕೆದಕಿ ಹುಲ್ಲು ಮೇಯುತ್ತಿದ್ದವು. ಕರುವಿಲ್ಲದ ಒಂದನ್ನು ಆರಿಸಿಕೊಳ್ಳಲು ಅವಳು ಬಹಳ ಹೊತ್ತು ಹೊಟ್ಟೆಯ ಮೇಲೆ ಮಲಗಿ ಕಾದಳು. ಒಂದೇ ಗುಂಡು. ಅದು ಹತ್ತು ಹೆಜ್ಜೆ ನಡೆದು ಮಂಡಿಯೂರಿತು.

ಮೊದಲು ಕಾನೂನಿನಂತೆ ಬೇಟೆ ಚೀಟಿಯಲ್ಲಿ ಅಂದಿನ ತಾರೀಕನ್ನು ಕೊಯ್ದು ಗುರುತು ಮಾಡಿ, ಅದನ್ನು ಕಡವೆಯ ಕಾಲಿಗೆ ಕಟ್ಟಿದಳು. ಆಮೇಲೆ ಚಾಕು ತೆಗೆದಳು. ಯಾರೂ ಗದರಿಸುವವರಿರಲಿಲ್ಲ. ಕತ್ತಿನ ಕೆಳಗೆ ಬೇಕಾದ ಕಡೆ ಕೊಯ್ದಳು. ಬಿಸಿ ಒಡಲಿನೊಳಗೆ ಕೈಯಿಟ್ಟಾಗ ಬೆರಳಿಗೆ ಜೀವ ಬಂತು. ಅವಳಿಗೆ ಅಳು ಬಂದಿತು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ. ಮಾಂಸವನ್ನು ಎಲುಬಿನಿಂದ ಬಿಡಿಸಿ ಬಟ್ಟೆಚೀಲಗಳಿಗೆ ತುಂಬಿ ಪೈನ್ ಮರದ ಕೊಂಬೆಗೆ ಕಟ್ಟಿದಳು. ಐದು ಹೊರೆ. ಚೀಟಿಯನ್ನು ಬಿಚ್ಚಿ ಹಿಂದೊಡೆಯ ಮಾಂಸವಿದ್ದ ಒಂದು ಚೀಲಕ್ಕೆ ಕಟ್ಟಿ, ಆ ಹೊರೆಯನ್ನು ಬೆನ್ನಿಗೆ ಏರಿಸಿ ಇಳಿಯತೊಡಗಿದಳು.

ಗೇಟಿನ ಒಳಬದಿಗೆ ಗ್ರೇಡಿಯ ಗಾಡಿ ಅಡ್ಡ ನಿಂತಿತ್ತು. ಪಕ್ಕದಲ್ಲಿ ಪೊಲೀಸ್ ಡಾಲ್ಟನ್. ಗೇಟಿನ ಆಚೆ ಲೆಸ್ಟರ್ ಕೋಲು ಊರಿ ನಿಂತಿದ್ದ.

"ಹಿಡಿ ಇವ್ಳನ್ನ! ಕದ್ದ ಮಾಲು ಬೆನ್ನ ಮೇಲೇ ಅದೆ, ನೋಡು!" ಗ್ರೇಡಿ ಅರಚಿದ.

ಡಾಲ್ಟನ್ ಅವಳ ಮುಖ ನೋಡಲಿಲ್ಲ. ಚೀಟಿ ಕೇಳಿದ. ತಿರುಗಿಸಿ ಮುರುಗಿಸಿ ನೋಡಿದ. "ಎಲ್ಲಿ ಹೊಡ್ದೆ ಮಾರ್ವಕ್ಕ?"

"ಬುಗ್ಗೆ ಮೇಲೆ. ಗಡಿಕಲ್ಲಿಂದ ಮುನ್ನೂರು ಹೆಜ್ಜೆ ಒಳಗೆ. ರಕ್ತ ಅಲ್ಲೇ ಅದೆ, ಬಾ ತೋರುಸ್ತೀನಿ."

"ಚೀಟಿ ಸರಿಯಾಗದೆ," ಎಂದ ಡಾಲ್ಟನ್ ಗ್ರೇಡಿಗೆ. ಆಮೇಲೆ ಅವಳಿಗೆ, "ಮಾಂಸ ನಿಂದೇ ಕಣಕ್ಕ. ನಡ್ಕಂಡು ಬಂದ್ಯಲ್ಲ, ಆ ದಾರಿ ನಿಂದಲ್ಲ, ಅದಕ್ಕೆ ಕೇಸ್ ಬರೀಬೇಕಾಯ್ತದೆ."

"ಮಾಂಸ ನಂದಾದ್ರೆ ಎಂಗ್ಲಾ ತರ್ಲಿ?"

"ಆ ಕಡೆ ಕಣಿವೇಲಿ ಹಾದಿ..."

"ಇಪ್ಪತ್ತೆರಡು ಮೈಲಿ," ಎಂದಳು ಮಾರ್ವಾ.

ಗ್ರೇಡಿ ಹತ್ತಿರ ಬಂದ. ದನಿ ತಗ್ಗಿಸಿದ. "ನೋಡು, ಹೊರೆ ಇಲ್ಲೇ ಕೆಳಗಿಕ್ಕು. ಇಕ್ಬುಟ್ಟು ತೆಪ್ಪಗೆ ಮನೇಗೋಗು. ಧಣಿ ಕಾಲಿಗ್ ಬಿದ್ದು ಕೇಸ್ ಆಗ್ದಂಗೆ ನೋಡ್ಕತೀನಿ. ನಾಳೆ ಕೆಲ್ಸಕ್ಕೂ ಬಾ. ಇಲ್ದಿದ್ರೆ ಕೆಲ್ಸಾನೂ ಹೋಯ್ತದೆ, ನೆಪ್ಪಿರ್ಲಿ."

ಹೊರೆಯ ಪಟ್ಟಿ ಭುಜ ಕೊಯ್ಯುತ್ತಿತ್ತು. ಚೀಲದಿಂದ ಒಸರಿದ ರಕ್ತ ಸೊಂಟದ ಹತ್ತಿರ ಅಂಗಿಗೆ ಅಂಟಿ ಗಟ್ಟಿಯಾಗಿತ್ತು. ಕೆಳಗಿಟ್ಟರೆ ಮೈ ಹಗುರವಾಗುತ್ತಿತ್ತು. ನಾಳೆ ಬೆಳಗ್ಗೆ ಕೆಲಸವೂ ಇರುತ್ತಿತ್ತು.

"ಬರ್ಕೊ ಡಾಲ್ಟನ್," ಎಂದಳು.

"ಅಕ್ಕ, ಯೋಚ್ನೆ ಮಾಡು."

"ಎರಡು ವರ್ಸ ಮಾಡಿವ್ನಿ. ಬರ್ಕೊ."

ಚಳಿಗೆ ಅವನ ಪೆನ್ನು ಹರಿಯಲಿಲ್ಲ. ಬಾಯಿಯ ಹತ್ತಿರ ಹಿಡಿದು ಉಸಿರೂದಿ ಬೆಚ್ಚಗೆ ಮಾಡಿಕೊಂಡು, ನಾಲ್ಕು ಅಕ್ಷರ ಬರೆದು, ಮತ್ತೆ ಊದಿದ. ಅಷ್ಟು ಹೊತ್ತೂ ಅವಳು ಹೊರೆ ಇಳಿಸದೆ ನಿಂತಿದ್ದಳು. ಕಾಗದ ಕೊಟ್ಟಾಗ ಓದದೆ ಮಡಿಚಿ ಜೇಬಿಗಿಟ್ಟಳು.

"ಗೇಟು ತೆಗಿ ಗ್ರೇಡಿ."

"ಹೆಂಗೆ ಬಂದ್ಯೋ ಹಂಗೇ ಹೋಗು."

ಮಾರ್ವಾ ಮಂಡಿಯೂರಿದಳು. ಹೊರೆಯ ಸಮೇತ ಹಿಮದ ಮೇಲೆ ಮುಖ ಅಡಿಯಾಗಿ ಮಲಗಿ, ಮೊಣಕೈಯಿಂದ ತೆವಳಿದಳು. ಕೆಳಗಿನ ಸರಳಿಗೆ ಹೊರೆ ಸಿಕ್ಕಿಕೊಂಡಿತು. ಗ್ರೇಡಿ ನಗುವುದು ಕೇಳಿಸಿತು. ಆಚೆಯಿಂದ ಲೆಸ್ಟರ್ ತನ್ನ ಕೋಲಿನ ಕೊಕ್ಕೆಯನ್ನು ಪಟ್ಟಿಗೆ ಹಾಕಿ ಬೈಯುತ್ತಾ ಎಳೆದ. "ಎಳೀರ್ಲಾ, ನಿಮ್ಮವ್ವನ್... ನಿಂತ್ಕಂಡ್ ನೋಡ್ತೀರಾ!" ಡಾಲ್ಟನ್ ಬಗ್ಗಿ, ಗ್ರೇಡಿಯ ಕಡೆ ಒಮ್ಮೆ ನೋಡಿ, ಹೊರೆಯನ್ನು ಹಿಂದಿನಿಂದ ಒಂದು ಸಲ ಒತ್ತಿದ. ಅದು ಪಾರಾಯಿತು.

ಹೊರೆಯನ್ನು ಪಿಕಪ್ಪಿಗೆ ಹಾಕಿ, ಮಾರ್ವಾ ಫ್ಲಾಸ್ಕಿನಿಂದ ಎರಡು ಗುಟುಕು ಕಾಫಿ ಕುಡಿದಳು. ಹೊರೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮತ್ತೆ ಗೇಟಿನ ಮುಂದೆ ಬಗ್ಗಿದಳು.

"ಎಲ್ಲಿಗೆ ಹೊಂಟ್ಯಕ್ಕ?" ಡಾಲ್ಟನ್ ಗಾಬರಿಯಾದ.

"ಇನ್ನೂ ನಾಕು ಹೊರೆ ಅದೆ."

"ಮತ್ತೆ ಬರೀಬೇಕಾಯ್ತದೆ."

"ಬರಿ. ನಾಕು ಸಲ ಬರಿ. ನನ್ ಮಾಂಸ ಅಂದ್ಯಲ್ಲ ನೀನೇ."

ಅವಳು ಒಳಗೆ ನುಸುಳಿ ಎದ್ದು, ಮೈಮೇಲಿನ ಹಿಮ ಕೊಡವಿ, ಗ್ರೇಡಿಯ ಗಾಡಿಯನ್ನು ಬಳಸಿ ನಡೆದಳು. ಗ್ರೇಡಿ ಫೋನು ಕಿವಿಗೊತ್ತಿ ಧಣಿಗೆ ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಹಿಂದೆ ಏನೋ ದೊಪ್ಪೆಂದಿತು. ಮಾರ್ವಾ ತಿರುಗಿ ನೋಡಿದಳು. ಬಗ್ಗಲಾಗದ ಲೆಸ್ಟರ್ ಹಿಮದ ಮೇಲೆ ಅಡ್ಡಬಿದ್ದು, ಕೋಲನ್ನು ಎದೆಗವಚಿಕೊಂಡು, ದಿಮ್ಮಿಯ ಹಾಗೆ ಉರುಳಿ ಉರುಳಿ ಗೇಟಿನ ಕೆಳಗಿಂದ ಒಳಗೆ ಬರುತ್ತಿದ್ದ.

"ನಂಗೂ ಒಂದು ಬರ್ದಿಡ್ಲಾ ಡಾಲ್ಟನ್!" ಅವನು ಮಲಗಿದ್ದಲ್ಲಿಂದಲೇ ಕೂಗಿದ. "ಹೆಸ್ರು ಸರಿಯಾಗಿ ಬರಿ!"

ಅವನನ್ನು ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ. ಮಾರ್ವಾ ಹಿಂದೆ ಬಂದು ಎರಡೂ ಕೈ ಹಿಡಿದು ಎತ್ತಿ ನಿಲ್ಲಿಸಿದಳು. ನೋವಿಗೆ ಅವನ ತುಟಿ ಬಿಳಿಚಿತ್ತು. ಎರಡು ಮೈಲಿ ಅವನಿಂದ ಆಗದು ಎಂದು ಇಬ್ಬರಿಗೂ ಗೊತ್ತಿತ್ತು.

ಮೇಲೆ, ಬುಗ್ಗೆಯ ದಿಕ್ಕಿನಲ್ಲಿ, ಕಾಗೆಗಳು ಆಗಲೇ ಸುತ್ತತೊಡಗಿದ್ದವು. ಮಾರ್ವಾ ಬಿರಬಿರನೆ ಹೆಜ್ಜೆ ಹಾಕಿದಳು. ಹಿಂದೆ ಲೆಸ್ಟರನ ಕೋಲು ಒಂದೊಂದೇ ಸಲ ಹೆಪ್ಪುಗಟ್ಟಿದ ರಸ್ತೆಗೆ ತಾಗುವ ಸದ್ದು ದೂರವಾಗುತ್ತಾ ಬಂತು, ಆದರೆ ನಿಲ್ಲಲಿಲ್ಲ.