ಹಿಂದಕ್ಕೆ ಇನ್ನೂರು ಹೆಜ್ಜೆ

ಮತ್ತೆ ಆ ಸದ್ದು, ಹಿಂದೆ ಟ್ರೇಲರಿನ ಅಡುಗೆ ಪೆಟ್ಟಿಗೆಯೊಳಗೆ ಯಾವುದೋ ಮುಚ್ಚಳ ಕಟಕಟ ಕಟಕಟ, ಕೆಟಲಿನದಿರಬೇಕು, ಅಲ್ಲ, ಅದನ್ನು ಟವೆಲಿನಲ್ಲಿ ಸುತ್ತಿಟ್ಟಿದ್ದೆ, ಈ ರಸ್ತೆಯಲ್ಲಿ ಏನು ಸುತ್ತಿಟ್ಟರೇನು, ತಗಡಿನ ಶೀಟು ಹಾಸಿದ ಹಾಗೆ ಉದ್ದಕ್ಕೂ ಏರು ತಗ್ಗು ಏರು ತಗ್ಗು, ನಿಧಾನ ಹೋದರೆ ಹಲ್ಲು ಉದುರುತ್ತೆ, ಜೋರಾಗಿ ಹೋದರೆ ಗಾಡಿ ತೇಲುತ್ತೆ, ಈಗ ತೇಲಿಸ್ತಿರೋಳು ನಾನು, ಮೆರಿನ್, ಹದಿನಾಲ್ಕು ವರ್ಷ ಈ ಗಾಡಿಯ ಎಡಗಡೆ ಸೀಟಿನಲ್ಲಿ ಕೂತು, ದಾರಿಗಡ್ಡ ಬೇಲಿಯ ಗೇಟು ಬಂದಾಗಲೆಲ್ಲ ಇಳಿದು ತೆಗೆದು ಮುಚ್ಚಿ ಮತ್ತೆ ಹತ್ತಿದವಳು — ಆ ಸೀಟಿನಲ್ಲಿ ಈಗ ನನ್ನ ಗಂಡ ಗ್ರಾಂಟ್, ಬಲಗಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡಿದ್ದಾನೆ, ಹರಡು ಬನ್ನಿನ ಹಾಗೆ ಊದಿದೆ, ಎಡಗಾಲಿನಲ್ಲಿ ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದಾನೆ, ಮುಂದೆ ಮರಳಿದೆ ಮೆರಿನ್, ಕಾಣ್ತಿದೆ ಗ್ರಾಂಟ್, ಸ್ವಲ್ಪ ಎಡಕ್ಕೆ ತಗೋ, ತಗೊಂಡೆ ಗ್ರಾಂಟ್, ಪಾಪ, ನಗಬಾರದು, ಆದರೆ ಬೆಳಿಗ್ಗೆ ಅವನು ಓಡಿದ್ದು ನೆನೆದರೆ, ಅಯ್ಯೋ, ಚಡ್ಡಿ, ಒಂದು ಕಾಲಿಗೆ ಬೂಟು, ಇನ್ನೊಂದು ಬೂಟು ಡಿಂಗೊ ಕಾಡುನಾಯಿ ಬಾಯಲ್ಲಿ, ರಾತ್ರಿ ಸಾಸೇಜಿನ ಕೊಬ್ಬು ಅದರ ಮೇಲೆ ಸೋರಿತ್ತು, ನಾಯಿ ಬಿಡುತ್ತಾ, ಇವನು ಕೈ ಬೀಸಿಕೊಂಡು ಬಯ್ದುಕೊಂಡು ಹಿಂದೆ ಹಿಂದೆ, ಮೊಲದ ಬಿಲಕ್ಕೆ ಕಾಲು ಹೋಗಿ ಧೊಪ್ಪಂತ, ನಾಯಿ ನಿಂತು ತಿರುಗಿ ನೋಡಿತು, ಅದಕ್ಕೂ ಅಯ್ಯೋ ಅನ್ನಿಸಿರಬೇಕು. ಟಿಲ್ಡಾ ನಗ್ತಾ ನಗ್ತಾ ಮಣ್ಣಿನ ಮೇಲೇ ಕೂತುಬಿಟ್ಟಳು, ಹನ್ನೊಂದು ವರ್ಷದ ಮಕ್ಕಳಿಗೆ ಅಪ್ಪ ಬೀಳೋದಕ್ಕಿಂತ ದೊಡ್ಡ ಹಬ್ಬ ಇಲ್ಲ, ನನ್ನ ಅತ್ತೆ ಬೆರಿಲ್ ಮಾತ್ರ ಕುರ್ಚಿಯಿಂದ ಏಳಲೂ ಇಲ್ಲ, ಟೀ ಊದಿಕೊಂಡು, ಇವನಪ್ಪನೂ ಹಿಂಗೇ, ಮೊದ್ಲು ಓಡೋದು, ಆಮೇಲೆ ಯೋಚನೆ ಅಂದರು.

ಈಗ ಅಜ್ಜಿ ಮೊಮ್ಮಗಳು ಇಬ್ಬರೂ ಹಿಂದಿನ ಸೀಟಿನಲ್ಲಿ ಪೆಪ್ಪರ್ಮೆಂಟ್ ಚೀಪುತ್ತಿದ್ದಾರೆ, ಬಾಯಲ್ಲಿ ಮಣ್ಣು, ಪೆಪ್ಪರ್ಮೆಂಟಿನಲ್ಲಿ ಮಣ್ಣು, ನಾಲ್ಕು ದಿನದಿಂದ ಬ್ರೆಡ್ಡಿನಲ್ಲೂ ಅದೇ ಕೆಂಪು ಮಣ್ಣು, ಪಶ್ಚಿಮಕ್ಕೆ ಆಕಾಶ ಮಾತ್ರ ಕೆಂಪಲ್ಲ, ಸೀಸದ ಬಣ್ಣ, ಆಗಲೇ ಗಾಡಿಯ ವೈರ್ಲೆಸ್ ರೇಡಿಯೊದಲ್ಲಿ ಯಾರೋ ಲಾರಿಯವನು ಕೊರಕೊರ ಅಂತ ಹೇಳಿದ, ಆ ಕಡೆ ಸುರೀತಿದೆ ಕಣ್ರಪ್ಪ, ಸಂಜೆಗೆ ಈ ರಸ್ತೆ ಅಂಟಾಗುತ್ತೆ, ಹೋಗೋರು ಈಗಲೇ ಹೋಗಿ. ಅದಕ್ಕೇ ಗ್ರಾಂಟ್ ಅಂದ, ಎಲ್ಲೂ ನಿಲ್ಲಿಸೋದು ಬೇಡ, ಸೀದಾ ಪೆಟ್ರೋಲ್ ಪಂಪಿನ ರೋಡ್‌ಹೌಸಿಗೆ, ಅಲ್ಲಿಂದ ಮುಂದಕ್ಕೆ ಡಾಂಬರು — ಬೆರಿಲ್ ಹಿಂದಿನಿಂದ, ಹಾಗಾದ್ರೆ ಸೈಡಿಂಗ್? ಅಂದರು, ಮೆಲ್ಲಗೆ. ಮಿಟನ್ ಸೈಡಿಂಗ್, ಹಿಂದೆ ರೈಲು ನಿಲ್ಲುತ್ತಿದ್ದ ಪುಟ್ಟ ಜಾಗ, ಈ ಪ್ರಯಾಣವೇ ಅದಕ್ಕೆ, ಬೆರಿಲ್ ಹುಟ್ಟಿದ್ದು ಅಲ್ಲಿ, ಅವರಪ್ಪ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದರು, ಹಳಿ ಕಿತ್ತು ನಲವತ್ತು ವರ್ಷದ ಮೇಲಾಯಿತು, ರೈಲು ಬೇರೆ ದಾರಿ ಹಿಡಿಯಿತು, ಒಂದೇ ಒಂದು ಸಲ ಅಲ್ಲಿ ನಿಂತ್ಕೋಬೇಕು ಅಂತ ಮಾತ್ರ ಅವರು ಕೇಳಿದ್ದು, ಬೇರೇನೂ ಕೇಳಲಿಲ್ಲ. ಮುಂದಿನ ಸಲ ನೋಡಿದ್ರಾಯ್ತಮ್ಮ, ಮಳೆ ಹಿಡಿದ್ರೆ ವಾರಗಟ್ಲೆ ಸಿಕ್ಕಾಕೊಳ್ತೀವಿ, ನಿನ್ನ ಹಾರ್ಟಿನ ಮಾತ್ರೆ ಎಷ್ಟುಳಿದಿದೆ? ಮೂರು ದಿನದ್ದು. ನೋಡಿದ್ಯಾ ಮತ್ತೆ? ಹೂಂ, ಸರಿ ಬಿಡು. ಸರಿ ಬಿಡು ಅಂದರು ಬೆರಿಲ್, ನನ್ನ ಮದುವೆ ಊಟದಲ್ಲೇ ಗ್ರೇವಿ ತಣ್ಣಗಿದೆ ಅಂತ ತಟ್ಟೆ ವಾಪಸು ಕಳಿಸಿದವರು, ನಾನು ಮಡಚಿದ ಬಟ್ಟೆಯನ್ನು ಇವತ್ತಿಗೂ ನನ್ನ ಎದುರೇ ಬಿಚ್ಚಿ ಮತ್ತೆ ಮಡಚುವವರು, ಎಪ್ಪತ್ತೆಂಟು ವರ್ಷದಲ್ಲಿ ಯಾರಿಗಾದರೂ ಸರಿ ಬಿಡು ಅಂದಿದ್ದಾರಾ, ಮುಂದಿನ ಸಲವಂತೆ, ಯಾವ ಮುಂದಿನ ಸಲ — ನನ್ನ ಕೈ ತಾನೇ ಹೋಗಿ ಇಂಡಿಕೇಟರ್ ಹಾಕಿತು, ಟಿಕ್ ಟಿಕ್ ಟಿಕ್, ನೂರು ಮೈಲಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರಿಗೆ ಸಿಗ್ನಲ್ ಕೊಡ್ತಿದೀಯ ಮೆರಿನ್, ಎಮು ಹಕ್ಕಿಗಾ? ಅಲ್ಲ ಗ್ರಾಂಟ್, ನಿನಗೆ. ಹಿಂದೆ ಟಿಲ್ಡಾ ಕಿಸಕ್ಕಂದಳು, ಗಾಡಿ ಬಲಕ್ಕೆ ತಿರುಗಿತು.

ಏನಿತ್ತು ಅಲ್ಲಿ, ಒಂದು ಚಿಮಣಿ, ಮೂರು ಖರ್ಜೂರದ ಮರ, ತುಕ್ಕು ಹಿಡಿದ ಮಂಚದ ಚೌಕಟ್ಟು, ಉಳಿದದ್ದೆಲ್ಲ ಗಾಳಿ, ಬೆರಿಲ್ ಮಾತ್ರ ಇಲ್ಲದ ಬಾಗಿಲಿನಿಂದಲೇ ಒಳಗೆ ಹೋದರು, ಗೋಡೆ ಇದ್ದ ಕಡೆ ಸುತ್ತಿ ಬಳಸಿ, ನೇರ ದಾಟಲೇ ಇಲ್ಲ, ಇಲ್ಲಿ ಮೇಜು, ಇಲ್ಲಿ ಒಲೆ, ಇಲ್ಲಿ ಸ್ನಾನದ ತೊಟ್ಟಿ, ಐದು ಜನ ಮಕ್ಕಳಿಗೂ ಒಂದೇ ನೀರು ಕಣೆ ಟಿಲ್ಡಾ, ನಾನೇ ಚಿಕ್ಕೋಳು, ನನ್ನ ಸರದಿ ಬರೋ ಹೊತ್ತಿಗೆ ತೊಟ್ಟೀಲಿ ಸೂಪು ಇರ್ತಿತ್ತು. ಸ್ಕೂಲೆಲ್ಲಿತ್ತು ಅಜ್ಜಿ? ಸ್ಕೂಲಿರಲಿಲ್ಲ, ಬಾವುಟ ಇತ್ತು, ಅಪ್ಪ ಹಳಿ ಬಿಚ್ಚಿದಾಗ ಆ ತಿರುವಲ್ಲಿ ನಾನು ನಿಂತ್ಕೊಳ್ತಿದ್ದೆ, ಕೆಂಪು ಎತ್ತಿದ್ರೆ ಇಡೀ ರೈಲು ನಿಲ್ಬೇಕು, ಎಂಟು ವರ್ಷಕ್ಕೇ ಇಂಜಿನ್ ಡ್ರೈವರು ನನ್ನ ಮಾತು ಕೇಳ್ತಿದ್ದ, ನಿಮ್ಮಪ್ಪ ಇವತ್ತಿನವರೆಗೂ ಕೇಳಿಲ್ಲ. ಅಂದು ನಕ್ಕರು, ಹಲ್ಲುಸೆಟ್ಟು ಅಲುಗುವಷ್ಟು ನಕ್ಕರು, ನಗುತ್ತಲೇ ಒಲೆಯಿದ್ದ ಜಾಗದಲ್ಲಿ ಮಂಡಿಯೂರಿ ನೆಲವನ್ನು ಅಂಗೈಯಿಂದ ಮುಟ್ಟಿದರು, ಬಿಸಿ ಇದೆಯಾ ಅಂತ ನೋಡುವವರ ಹಾಗೆ, ನಾನು ಮುಖ ಆಚೆ ತಿರುಗಿಸಿಕೊಂಡೆ, ಅಷ್ಟರಲ್ಲಿ ಟಿಲ್ಡಾ ಮೂಗಿನ ಮೇಲೆ ಮೊದಲ ಹನಿ.

ಗಾಡಿ ನಿಂತಿದ್ದು ಹಳೇ ಹಳಿಯ ದಿಬ್ಬದ ಮೇಲೆ, ಎರಡೂ ಬದಿ ಇಳಿಜಾರು, ಮುಂದೆ ಸೇತುವೆ ಕುಸಿದ ಕಂದಕ, ತಿರುಗಿಸೋಕೆ ಜಾಗ ಇಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ, ಬಯಲು ಸಿಗೋವರೆಗೆ ಇನ್ನೂರು ಹೆಜ್ಜೆ, ಟಿಲ್ಡಾ ಓಡಿ ಎಣಿಸಿಕೊಂಡು ಬಂದಳು, ನನ್ನ ಜನ್ಮದಲ್ಲಿ ನಾನು ಟ್ರೇಲರ್ ರಿವರ್ಸ್ ತಗೊಂಡವಳಲ್ಲ. ಬಲಕ್ಕೆ ಹೋಗ್ಬೇಕಂದ್ರೆ ಎಡಕ್ಕೆ ತಿರುಗಿಸು, ಎಡಕ್ಕೆ ಅಂದ್ರೆ ನಿನ್ನ ಎಡ ಅಲ್ಲ ಅದರ ಎಡ, ಅಯ್ಯೋ ಅಷ್ಟಲ್ಲ, ನಿಲ್ಸು ನಿಲ್ಸು ಅಂತ ಗ್ರಾಂಟ್, ಟ್ರೇಲರ್ ಮುನಿಸಿಕೊಂಡ ಹಸುವಿನ ಹಾಗೆ ಅಡ್ಡ ತಿರುಗಿತು, ಮುಂದೆ ತಗೊಂಡೆ, ಮತ್ತೆ ಹಿಂದೆ, ಮತ್ತೆ ಅಡ್ಡ, ಒಂದು ಚಕ್ರದ ಕೆಳಗೆ ಮಣ್ಣು ಜಾರಿ ಇಳಿದ ಸದ್ದು, ಹನಿ ದಪ್ಪ ಆಗ್ತಿದೆ, ನನ್ನ ಹಟಕ್ಕೆ ಎಲ್ಲರನ್ನೂ ಇಲ್ಲಿಗೆ ತಂದು ಸಿಕ್ಕಿಸಿದೆ, ಮೂರು ದಿನದ ಮಾತ್ರೆ, ಮೂರೇ ದಿನ — ಆಗ ಕಿಟಕಿಗೆ ಗೆಣ್ಣು ತಟ್ಟಿದ ಸದ್ದು, ಬೆರಿಲ್, ಹಸಿರು ಸ್ವೆಟರ್ ಬಿಚ್ಚಿ ಒಂದು ಕೈಯಲ್ಲಿ, ಪಾತ್ರೆ ಒರೆಸುವ ಕೆಂಪು ಬಟ್ಟೆ ಇನ್ನೊಂದು ಕೈಯಲ್ಲಿ, ಗ್ರಾಂಟ್, ಬಾಯಿ ಮುಚ್ಚು, ಮೆರಿನ್, ನೀನು ನನ್ನೊಬ್ಬಳನ್ನೇ ನೋಡು. ಹೋದರು, ಟ್ರೇಲರಿನ ಹಿಂದಕ್ಕೆ, ದೂರಕ್ಕೆ, ಬಲಗನ್ನಡಿಯಲ್ಲಿ ಕಾಣುವ ಹಾಗೆ ನಿಂತರು, ಹಸಿರು ಎತ್ತಿದರು. ಕೈ ಸ್ಟೀರಿಂಗಿನ ಕೆಳಭಾಗಕ್ಕೆ ಹೇಗೆ ಹೋಯಿತೋ, ಅಲ್ಲಿ ಹಿಡಿದರೆ ಕೈ ಹೋದ ಕಡೆಗೇ ಟ್ರೇಲರ್, ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂಬತ್ತು ವರ್ಷದಿಂದ ಒಂದಕ್ಕೊಂದು ಕೊಂಡಿ ಹಾಕಿದ ಎರಡೆರಡು ತಳ್ಳುಗಾಡಿ, ಭರ್ತಿ ಒದ್ದೆ ಬೆಡ್‌ಶೀಟು, ಹಿಮ್ಮುಖವಾಗಿ ಲಿಫ್ಟಿನೊಳಗೆ ತಳ್ಳುತ್ತೀನಲ್ಲ ದಿನಾ, ಇದೂ ಅದೇ ತಾನೇ, ಒಂಚೂರು, ಒಂಚೂರು, ಅವಸರ ಮಾಡಿದರೆ ಮಡಚಿಕೊಳ್ಳುತ್ತೆ, ಹಸಿರು ಎಡಕ್ಕೆ ವಾಲಿತು, ಕೈ ಎಡಕ್ಕೆ, ಹಸಿರು ನೆಟ್ಟಗಾಯಿತು, ಕೈ ನೆಟ್ಟಗೆ, ಕೆಂಪು, ಬ್ರೇಕು, ಮತ್ತೆ ಹಸಿರು, ಗ್ರಾಂಟ್ ಉಸಿರೂ ಬಿಡ್ತಿಲ್ಲ, ಬೆರಿಲ್ ಹಿಂದಕ್ಕೆ ಹಿಂದಕ್ಕೆ ನಡೀತಿದ್ದಾರೆ, ಕೆಟ್ಟ ಸೊಂಟದಲ್ಲಿ, ಒಂದು ಸಲವೂ ನೆಲ ನೋಡದೆ, ಇನ್ನೂರು ಹೆಜ್ಜೆ.

ಬೆರಿಲ್ ಹತ್ತಿ ಕೂತರು, ಸೀಟುಬೆಲ್ಟ್ ಹಾಕಿಕೊಂಡರು, ಪರವಾಗಿಲ್ಲ ಅಂದರು, ಅಷ್ಟೇ, ಪರವಾಗಿಲ್ಲ ಕಣೆ ಮೆರಿನ್, ಆಮೇಲೆ ನನ್ನ ಹೆಗಲ ಮೇಲಿಂದ ಒಂದು ಪೆಪ್ಪರ್ಮೆಂಟ್ ಬಂತು, ಕಾಗದ ಸುಲಿದದ್ದು, ಗ್ರಾಂಟಿಗೆ ಇಲ್ಲ. ರಸ್ತೆ ಹಿಂದೆ ಕಪ್ಪಾಗ್ತಾ ಬರ್ತಿತ್ತು, ಮಳೆ ನಮ್ಮನ್ನು ಅಟ್ಟಿಸಿಕೊಂಡು, ಟಿಲ್ಡಾ ಓಡು ಓಡು ಅಂತ ಗಾಡಿಗೆ ಕೂಗ್ತಾ, ಗ್ರಾಂಟ್ ಎಡಗಾಲಿನಲ್ಲಿ ಈಗ ಇಲ್ಲದ ಆಕ್ಸಿಲರೇಟರ್ ಒತ್ತುತ್ತಾ, ರೋಡ್‌ಹೌಸಿನ ತಗಡಿನ ಚಾವಣಿ ಕಂಡಿತು, ನಾವು ಒಳಗೆ ಬಂದ ಹಾಗೇ ಒಬ್ಬಳು ರೇನ್‌ಕೋಟ್ ಹಾಕಿಕೊಂಡು ರಸ್ತೆ ಬಂದ್ ಅನ್ನೋ ಹಲಗೆ ಎಳೆದುಕೊಂಡು ಹೋದಳು, ಚಿಪ್ಸ್ ಕರಿಯೋ ವಾಸನೆ. ಬಂದ್ವಿ ಮೆರಿನ್, ಇಂಜಿನ್ ಆಫ್ ಮಾಡು. ಹೂಂ. ಮೆರಿನ್? ಇವತ್ತಿಂದ ಗೇಟು ನಾನು ತೆಗೀತೀನಿ. ಹೂಂ ಗ್ರಾಂಟ್, ಮೊದ್ಲು ನಡಿಯೋದು ಕಲಿ. ಎಲ್ಲ ಇಳಿದರು, ನಾನೂ ಇಳೀಬೇಕು, ಟೀ ಕುಡೀಬೇಕು, ಕೈ ಸ್ಟೀರಿಂಗ್ ಬಿಡ್ತಿಲ್ಲ, ಬಲಗನ್ನಡಿಯಲ್ಲಿ ಈಗ ಬರೀ ಮಳೆ, ಪೆಟ್ರೋಲ್ ಪಂಪು, ಅಲ್ಲ, ಮಳೆಯಲ್ಲ, ಕಣ್ಣಿಗೆ ಇನ್ನೂ ಅದೇ ಕೆಂಪು ಮಣ್ಣು, ಬಿಳಿ ಕೂದಲು ಗಾಳಿಗೆ ಎದ್ದಿದೆ, ತೋಳಿಲ್ಲದ ಹೂವಿನ ಅಂಗಿ, ಒಣಗಿದ ತೆಳು ತೋಳು, ತುದಿಯಲ್ಲಿ ಹಸಿರು, ಎತ್ತಿದ ತೋಳು, ಹಸಿರು, ನೆಟ್ಟಗೆ —