ಬಿಳಿಕೋಲು

"ಹಗ್ಗ ಬಿಡ್ಬೇಡ್ರೀ, ನಿಧಾನ!" ಎಂದು ಗುಂಡಿ ತೋಡುವ ಹಾಬ್ ಗದರಿದ.

ಹಗ್ಗದ ಈ ತುದಿ ಹಿಡಿದಿದ್ದವನು ಗೈಲ್ಸ್ ವಾರಮ್, ಸತ್ತವನ ಮನೆಯ ಮುಖ್ಯ ಕಾರಭಾರಿ. ಇಂಥ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿದವನಲ್ಲ. ಶವಪೆಟ್ಟಿಗೆಯಲ್ಲಿದ್ದವನು ರಾಜನ ಮಂತ್ರಿ ಲಾರ್ಡ್ ಆಸ್ಬರ್ಟ್ ಪೆಲ್. ಮೂರು ತಿಂಗಳ ಹಿಂದೆ ಇಡೀ ಇಂಗ್ಲೆಂಡು ಅವನ ಮಾತಿಗೆ ನಡುಗುತ್ತಿತ್ತು. ರಾಜನ ಮನಸ್ಸು ತಿರುಗಿತು, ಮಂತ್ರಿ ದ್ರೋಹಿಯಾದ. ವಿಚಾರಣೆಗೆಂದು ಲಂಡನ್ನಿಗೆ ಒಯ್ಯುವಾಗ ಈ ಹಳ್ಳಿಯಲ್ಲಿ ಜ್ವರ ಬಂದು ಸತ್ತ. ಮುನ್ನೂರು ಆಳುಗಳಿದ್ದ ಮನೆಯಿಂದ ಮಣ್ಣಿಗೆ ಬಂದವನು ಗೈಲ್ಸ್ ಒಬ್ಬನೇ. ಥೂ, ಎಂಥ ಜನವೋ!

ದೊಡ್ಡವರು ಸತ್ತರೆ ಕಾರಭಾರಿ ತನ್ನ ಅಧಿಕಾರದ ಬಿಳಿಕೋಲನ್ನು ಮುರಿದು ಗುಂಡಿಗೆ ಹಾಕಬೇಕು. ಕೋಲು ಅಲ್ಲೇ ಸ್ಮಶಾನದ ಗೋಡೆಗೆ ಒರಗಿತ್ತು.

"ಮುರೀಬೇಡಿ ಯಜಮಾನ್ರೇ," ಕಾವಲುಪಡೆಯ ನಾಯಕ ಡೆನ್ನಿ ಹತ್ತಿರ ಬಂದು ಪಿಸುಗುಟ್ಟಿದ. "ಹೊಸ ಮಂತ್ರಿಗಳು ನಿಮ್ಮನ್ನ ಕೋಲಿನ ಸಮೇತ ಕರ್ಕೊಂಡು ಬಾ ಅಂದಿದಾರೆ. ಮುರಿದ್ರೋ, ದ್ರೋಹಿ ಕಡೆಯವ್ರು ಅಂತಾಯ್ತು. ಆಮೇಲೆ ಯಾರೂ ಬಾಗ್ಲು ತೆಗೆಯಲ್ಲ."

ಗೈಲ್ಸನಿಗೆ ಅರವತ್ತೆರಡು ವರ್ಷ. ಹೆಂಡತಿಯಿಲ್ಲ, ಸ್ವಂತ ಸೂರಿಲ್ಲ, ಚಳಿಗಾಲ ಬೇರೆ ಶುರುವಾಗಿತ್ತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಮುರೀರಿ," ಎಂದಳು ಗುಂಡಿಯ ಆಚೆಗಿದ್ದ ಮುದುಕಿ. ಸತ್ತವನ ಅಕ್ಕ ಮಾರ್ಜರಿ. ತಮ್ಮನನ್ನು ಈ ದಾರಿಯಲ್ಲಿ ಒಯ್ಯುತ್ತಾರೆಂದು ಕೇಳಿ ನಾಲ್ಕು ದಿನ ನಡೆದು ಬಂದಿದ್ದಳು. "ಆ ಕೋಲಿನ ಪರಿಚಯ ನಂಗೆ ಚೆನ್ನಾಗಿದೆ."

* * *

ಹನ್ನೆರಡು ವರ್ಷದ ಹಿಂದೆ, ಕ್ರಿಸ್‌ಮಸ್ ಔತಣದ ದಿನ, ಚರ್ಮ ಹದಮಾಡುವ ಮುದುಕನೊಬ್ಬ ಮಗಳ ಜೊತೆ ಮಂತ್ರಿಯ ಬಾಗಿಲಿಗೆ ಬಂದಿದ್ದ. ಮೈಯೆಲ್ಲ ಹಸಿ ತೊಗಲಿನ ವಾಸನೆ. ಕಂಕುಳಲ್ಲಿ ಒಂದು ಜೊತೆ ಹೊಸ ಬೂಟು.

"ಮಗನ್ನ ನೋಡ್ಬೇಕಿತ್ತು ಸ್ವಾಮಿ."

ಗೈಲ್ಸ್ ಒಳಗೆ ಹೋಗಿ ಹೇಳಿದ. ಮಂತ್ರಿ ತಟ್ಟೆಯಿಂದ ತಲೆಯೆತ್ತಲಿಲ್ಲ. "ರಾಜರು ಕೂತಿದಾರೆ. ಯಾರೋ ಭಿಕ್ಷೆಯೋರು ಇರ್ಬೇಕು, ಕಳಿಸು."

ಗೈಲ್ಸ್ ಬಾಗಿಲಿಗೆ ಕೋಲು ಅಡ್ಡ ಹಿಡಿದ. ಮುದುಕ ಬೂಟುಗಳನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ.

* * *

"ಅಪ್ಪಣೆ ಆಗಿತ್ತಮ್ಮ," ಎಂದ ಗೈಲ್ಸ್.

"ಆಗಿರ್ಬೋದು. ಅಪ್ಪ ಆಮೇಲೆ ಅವನ ಹೆಸರೆತ್ತಲಿಲ್ಲ. ಆದ್ರೂ ನಾನು ಎತ್ತಿ ಆಡಿಸಿದ ಕೂಸು ಕಣ್ರೀ ಅದು. ನಾಯಿ ಹೂಳಿದ ಹಾಗೆ ಹೂಳ್ತೀರಾ?"

ಗೈಲ್ಸ್ ಗುಂಡಿಯೊಳಗೆ ಬಗ್ಗಿ ನೋಡಿದ. "ಆ ಬೂಟು ಈಗ ಅವರ ಕಾಲಲ್ಲಿದೆ. ಹಿಡಿಯೋಕೆ ಬಂದ ದಿನ ಬಟ್ಟೆ ಸಂದೂಕದಿಂದ ತೆಗೆಸಿ ಹಾಕ್ಕೊಂಡ್ರು. ತುಂಬಾ ಬಿಗಿ ಆಗಿತ್ತು. ಬಿಚ್ಚಕ್ಕೆ ಬಿಡಲಿಲ್ಲ."

ಮಾರ್ಜರಿ ತನ್ನ ಒರಟು ಮೇಲಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು.

ಗೈಲ್ಸ್ ಕೋಲನ್ನು ಮಂಡಿಗೆ ಒತ್ತಿದ. ಅದು ಬಾಗಿತೇ ಹೊರತು ಮುರಿಯಲಿಲ್ಲ. ಇನ್ನೊಮ್ಮೆ, ಹಲ್ಲುಕಚ್ಚಿ ಒತ್ತಿದಾಗ ಲಟಕ್ಕೆಂದಿತು. ಎರಡು ತುಂಡುಗಳೂ ಪೆಟ್ಟಿಗೆಯ ಮೇಲೆ ಬಿದ್ದವು.

"ಹಾಳಾಗಿ ಹೋಗಿ, ನಂಗೇನು," ಎಂದು ಡೆನ್ನಿ ಕುದುರೆ ಹತ್ತಿದ.

ಹಾಬ್ ಮಣ್ಣು ಎಳೆದು ಮುಗಿಸಿದ ಮೇಲೆ ಗೈಲ್ಸ್ ಮಾರ್ಜರಿಯ ಹಿಂದೆ ಕೆಸರು ದಾರಿಗಿಳಿದ. ಎಲ್ಲಿಗೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನ ಬಲಗೈ ಕೋಲು ಹಿಡಿದ ಇಪ್ಪತ್ತು ವರ್ಷದ ಅಭ್ಯಾಸದಂತೆ ಎದೆಯ ಮುಂದೆ ಮುಷ್ಟಿ ಕಟ್ಟಿ ನಿಂತಿತ್ತು. ಎಡಗೈಯಿಂದ ಬೆರಳುಗಳನ್ನು ಬಿಡಿಸಿದ. ನಾಲ್ಕು ಹೆಜ್ಜೆ ಹಾಕುವುದರೊಳಗೆ ಅವು ಮತ್ತೆ ಮಡಚಿಕೊಂಡವು.